ಚಕ್ರ ಸೊಟ್ಟ, ಚಾಲಕನ ಮೇಲೆ ಸಿಟ್ಟು



2022ರ ಸೆಪ್ಟೆಂಬರಿನಲ್ಲಿ ನಡೆದ ನಮ್ಮ ಸಂಘದ ವಾರ್ಷಿಕ ಮಹಾಸಭೆಗೆ ಬಂದಿದ್ದವರಿಗೆ ನೆನಪಿರಬಹುದು. ಲೆಕ್ಕಪತ್ರ ಓದಿ ಮುಗಿದು, ಊಟದ ಹೊತ್ತಾಯಿತೆಂದು ಹಲವರು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. "ಸೆಕ್ರೆಟರಿಯವರೇ, ಸಂಘದ ಪಿಕಪ್ಪಿಗೆ ಒಂದೇ ವರ್ಷದಲ್ಲಿ ಎರಡು ಸಲ ಮುಂದಿನ ಟೈರು ಹಾಕಿಸಿದ್ದೀರಿ. ಕಾಫಿಗೆ ಕಾಂಡಕೊರಕ ಬಂದ ಹಾಗೆ ಟೈರಿಗೂ ಯಾವುದಾದರೂ ಕೊರಕ ಬಂದಿದೆಯೇ? ಬಂದಿದ್ದರೆ ಯಾವ ಔಷಧಿ ಹೊಡೆಯಬೇಕು ಹೇಳಿ" ಎಂದರು. ಸಭೆ ನಕ್ಕಿತು. ನಾವೂ ನಕ್ಕು, "ನಮ್ಮ ರಸ್ತೆಗಳ ಸ್ಥಿತಿ ತಮಗೇ ಗೊತ್ತಲ್ಲ" ಎಂದು ಹೇಳಿ ಕುಳಿತೆವು. ರಸ್ತೆಯ ಮೇಲೆ ಹಾಕಿದರೆ ಮಲೆನಾಡಿನಲ್ಲಿ ಯಾವ ಉತ್ತರವನ್ನೂ ಯಾರೂ ಪ್ರಶ್ನಿಸುವುದಿಲ್ಲ.

ಆ ಉತ್ತರ ತಪ್ಪೆಂದು ನಮಗೆ ತಿಳಿಯಲು ಆರು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಮ್ಮ ಕೈಯಿಂದ ಒಂದು ಅನ್ಯಾಯವೂ ನಡೆದುಹೋಯಿತು. ಅದನ್ನು ಸದಸ್ಯರ ಮುಂದಿಡುವುದು ನಮ್ಮ ಕರ್ತವ್ಯ. ಜೊತೆಗೆ, ಜೀಪೋ ಕಾರೋ ಪಿಕಪ್ಪೋ ಇಲ್ಲದ ತೋಟದ ಮನೆ ಇಂದು ಅಪರೂಪವಾದ್ದರಿಂದ, ಈ ವಿಚಾರ ಹಲವರ ಉಪಯೋಗಕ್ಕೂ ಬಂದೀತು.

2023ರ ಜನವರಿ, ಕೊಯ್ಲಿನ ಭರಾಟೆಯ ದಿನಗಳು. ಇಪ್ಪತ್ತು ಮೂಟೆ ಚೆರಿ ಕಾಫಿ ಹೇರಿಕೊಂಡು ಪಿಕಪ್ಪು ಕ್ಯೂರಿಂಗ್ ವರ್ಕ್ಸಿಗೆ ಹೊರಟಿತ್ತು. ಒಂದು ಎಡ ತಿರುವಿನಲ್ಲಿ ಗಾಡಿ ತಿರುಗಬೇಕಾದಷ್ಟು ತಿರುಗದೆ ರಸ್ತೆಯ ಮಧ್ಯಕ್ಕೆ ಸರಿಯಿತು. ಎದುರಿಗೆ ಬಸ್ಸು. ಚಾಲಕ ಗಾಬರಿಯಿಂದ ಎಡಕ್ಕೆ ಎಳೆದಾಗ ಗಾಡಿ ಚರಂಡಿಗೆ ಇಳಿದು ಮಗ್ಗುಲಾಯಿತು. ಮೂಟೆಯ ಮೇಲೆ ಕೂತಿದ್ದ ಹಮಾಲಿಯ ಮುಂಗೈ ಮುರಿಯಿತು. (ಮೂಟೆಯ ಮೇಲೆ ಜನರನ್ನು ಕೂರಿಸಬಾರದು ಎಂಬುದು ಬೇರೆ ಮಾತು, ಅದೂ ನಮ್ಮದೇ ತಪ್ಪು.) ಬಸ್ಸು ಇನ್ನೊಂದು ಮಾರು ಮುಂದಿದ್ದಿದ್ದರೆ ಈ ಲೇಖನ ಬೇರೆ ಬಗೆಯದಾಗುತ್ತಿತ್ತು.

ಚಾಲಕ ಹೇಳಿದ್ದು ಒಂದೇ ಮಾತು: "ಗಾಡಿ ನೆಟ್ಟಗೆ ಹೋಗ್ಬೇಕಾದ್ರೆ ಸ್ಟೇರಿಂಗ್ ಎಡಕ್ಕೆ ಹಿಡ್ಕೊಂಡೇ ಇರ್ಬೇಕು ಸಾರ್. ಬಿಟ್ರೆ ಬಲಕ್ಕೆ ಹೋಗುತ್ತೆ. ಎರಡು ತಿಂಗ್ಳಿಂದ ಹೇಳ್ತಾನೇ ಇದೀನಿ." ಹೇಳಿದ್ದು ನಿಜ. ನಾವು ಎರಡು ಸಲ ಗಾಡಿಯನ್ನು ಪೇಟೆಯ ಒಂದು ವರ್ಕ್‌ಶಾಪಿಗೆ ಕಳಿಸಿಯೂ ಇದ್ದೆವು. ಎರಡು ಸಲವೂ "ಎಲ್ಲಾ ಸರಿ ಇದೆ, ಓಡಿಸುವವರ ಕೈ ಸರಿ ಇಲ್ಲ" ಎಂಬ ಉತ್ತರ ಬಂದಿತ್ತು. ಬಿಲ್ಲು ಕೊಟ್ಟವರ ಮಾತನ್ನು ನಂಬಿ, ಸಂಬಳ ಪಡೆಯುವವನ ಮಾತನ್ನು ನಂಬದಿರುವುದು ಸಂಘ ಸಂಸ್ಥೆಗಳ ಹಳೆಯ ಚಾಳಿ. ಆಡಳಿತ ಮಂಡಳಿಯಲ್ಲಿ "ಅಜಾಗರೂಕ ಚಾಲನೆ" ಎಂದು ಠರಾವಾಯಿತು. ರಿಪೇರಿಯ ಖರ್ಚನ್ನು ಸಂಬಳದಿಂದ ಕಂತಿನಲ್ಲಿ ಹಿಡಿಯಬೇಕೆಂದೂ ಆಯಿತು. ಆ ನೋಟೀಸು ಬರೆದವರು ನಾವೇ.

ಮಾರ್ಚಿನಲ್ಲಿ ಹೂಮಳೆ ಬಂತು. ಮಳೆ ನಿಂತ ಮೇಲೆ ನಾವು ಬೈಕಿನಲ್ಲಿ ಪಿಕಪ್ಪಿನ ಹಿಂದೆಯೇ ಹೋಗುತ್ತಿದ್ದೆವು. ಒದ್ದೆ ಮಣ್ಣಿನ ರಸ್ತೆಯಲ್ಲಿ ಗಾಡಿಯ ಜಾಡು ಸ್ಪಷ್ಟವಾಗಿ ಮೂಡಿತ್ತು. ಮುಂಚಕ್ರದ ಗುರುತಿನ ಮೇಲೆ ಹಿಂಚಕ್ರದ ಗುರುತು ಕೂರಬೇಕಷ್ಟೆ? ಇಲ್ಲಿ ಎರಡು ಪಕ್ಕದಲ್ಲೂ ಹಿಂಚಕ್ರದ ಗುರುತು ಎಡಕ್ಕೆ ಎರಡು ಬೆರಳಗಲ ಹೊರಚಾಚಿತ್ತು. ತಲೆಯೆತ್ತಿ ನೋಡಿದರೆ, ಗಾಡಿ ನೆಟ್ಟಗೆ ಹೋಗುತ್ತಿದೆ, ಆದರೆ ಅದರ ಮೈ ನೆಟ್ಟಗಿಲ್ಲ. ಗದ್ದೆಯ ಬದುವಿನ ಏಡಿ ನಡೆದಂತೆ ಓರೆಯಾಗಿ ಹೋಗುತ್ತಿದೆ.

ಸೈನ್ಯದ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಮೆಕ್ಯಾನಿಕ್ ಒಬ್ಬರು ನಮ್ಮ ನೆರೆಯ ಹೋಬಳಿಯಲ್ಲಿದ್ದಾರೆ. ಅವರು ಗಾಡಿಯ ಕೆಳಗೆ ಗೋಣಿ ಹಾಸಿ ಮಲಗಿದ್ದು ಐದೇ ನಿಮಿಷ. ಹಿಂದಿನ ಎಡ ಸ್ಪ್ರಿಂಗ್ ಪ್ಲೇಟುಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟು ತುಂಡಾಗಿತ್ತು. ಯು ಬೋಲ್ಟುಗಳು ಸಡಿಲವಾಗಿ ಯಾವ ಕಾಲವಾಗಿತ್ತೋ. ಅವು ಸಡಿಲವಾದರೆ ಭಾರವೆಲ್ಲ ಆ ಒಂದು ಬೋಲ್ಟಿನ ಮೇಲೆ ಬೀಳುತ್ತದೆ, ಅದು ಕತ್ತರಿಸುತ್ತದೆ. ಆಮೇಲೆ ಆಕ್ಸಲ್ಲಿನ ಆ ತುದಿ ಹಿಂದಕ್ಕೆ ಜಾರುತ್ತದೆ. ಟೇಪು ಹಿಡಿದು ಅಳೆದಾಗ ಎಡ ಹಿಂಚಕ್ರ ಬಲಚಕ್ರಕ್ಕಿಂತ 17 ಮಿ.ಮೀ. ಹಿಂದೆ ಸರಿದಿತ್ತು.

ಹದಿನೇಳು ಮಿಲಿಮೀಟರು ಏನು ಮಹಾ ಎನ್ನಿಸಬಹುದು. ನಮಗೂ ಹಾಗೆಯೇ ಅನ್ನಿಸಿತು. ಎರಡು ಹಿಂಚಕ್ರಗಳ ನಡುವಿನ ಅಂತರ ಸುಮಾರು 1.4 ಮೀಟರು. ಅಷ್ಟು ಅಗಲಕ್ಕೆ 17 ಮಿ.ಮೀ. ಎಂದರೆ ಆಕ್ಸಲ್ಲು ಸುಮಾರು 0.7 ಡಿಗ್ರಿ ಓರೆಯಾದ ಹಾಗೆ. ಹಿಂಚಕ್ರಗಳು ಮುಂದಕ್ಕೆ ತಳ್ಳುವ ಬದಲು ಕೊಂಚ ಎಡಕ್ಕೆ ತಳ್ಳತೊಡಗುತ್ತವೆ. ಹಿಂಭಾಗ ಎಡಕ್ಕೆ ಹೋದರೆ ಮೂತಿ ಬಲಕ್ಕೆ ತಿರುಗುತ್ತದೆ. ನೆಟ್ಟಗೆ ಹೋಗಬೇಕಾದರೆ ಮುಂಚಕ್ರವನ್ನೂ ಅಷ್ಟೇ ಓರೆಯಾಗಿ ಎಡಕ್ಕೆ ಹಿಡಿಯಬೇಕು. ಮುಂಚಕ್ರದಿಂದ ಹಿಂಚಕ್ರಕ್ಕೆ ಮೂರು ಮೀಟರು ಇಟ್ಟುಕೊಂಡರೆ ಹಿಂಭಾಗ ಮೂರೂವರೆ ಸೆಂಟಿಮೀಟರು ಎಡಕ್ಕೆ ಬೀಳುತ್ತದೆ, ಅದೇ ಆ ಎರಡು ಬೆರಳಗಲ. ಇಂಥ ಗಾಡಿ ಬಲ ತಿರುವಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ತಿರುಗುತ್ತದೆ, ಎಡ ತಿರುವಿನಲ್ಲಿ ತಿರುಗಲು ಮೊಂಡು ಹಿಡಿಯುತ್ತದೆ. ನಮ್ಮ ದೇಶದಲ್ಲಿ ಎಡ ತಿರುವಿನಲ್ಲಿ ಮೊಂಡು ಹಿಡಿದ ಗಾಡಿ ಹೋಗುವುದು ಎದುರಿನಿಂದ ಬರುವವರ ಎದೆಗೆ. ಚಾಲಕ ಹೇಳಿದ ಒಂದೊಂದು ಮಾತೂ ಅಕ್ಷರಶಃ ನಿಜವಾಗಿತ್ತು. ವರ್ಕ್‌ಶಾಪಿನವರು ನೋಡಿದ್ದು ಮುಂಚಕ್ರವನ್ನು ಮಾತ್ರ, ರೋಗ ಇದ್ದದ್ದು ಹಿಂದೆ.

ಆದರೆ ಟೈರು ತಿಂದ ಕೊರಕ ಇದಲ್ಲ. ಹಿಂದಿನ ಆಕ್ಸಲ್ಲು ಓರೆಯಾದರೆ ಮುಂದಿನ ಟೈರು ಅಷ್ಟು ಬೇಗ ಸವೆಯಬೇಕಿಲ್ಲ. ಅದು ಎರಡನೆಯ ರೋಗ, ಹೆಸರು ಟೋ.

ಇಂಗ್ಲಿಷಿನಲ್ಲಿ ಟೋ ಎಂದರೆ ಕಾಲ್ಬೆರಳು. ಕೆಲವರು ನಡೆಯುವಾಗ ಹೆಬ್ಬೆರಳುಗಳು ಒಂದಕ್ಕೊಂದು ಮುಖ ಮಾಡಿರುತ್ತವೆ, ಕೆಲವರದು ಹೊರಮುಖ. ಮೇಲಿನಿಂದ ನೋಡಿದಾಗ ಮುಂಚಕ್ರಗಳ ಮುಂಭಾಗ ಒಳಮುಖವಾಗಿದ್ದರೆ ಟೋ ಇನ್, ಹೊರಮುಖವಾಗಿದ್ದರೆ ಟೋ ಔಟ್. ಇದು ಕಣ್ಣಿಗೆ ಕಾಣುವಷ್ಟಿರುವುದಿಲ್ಲ. ಹಳೆಯ ವಿಲ್ಲಿಸ್ ಜೀಪಿನ ಕೈಪಿಡಿಯಲ್ಲಿ ಟೋ ಇನ್ ಅಂಗುಲದ 3/64ರಿಂದ 3/32ರೊಳಗೆ ಇರಬೇಕೆಂದಿದೆ. ಅಂದರೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚಿನಿಂದ ಎರಡೂವರೆಯ ಒಳಗೆ. ನಮ್ಮ ಪಿಕಪ್ಪಿನಲ್ಲಿ ಇದ್ದದ್ದು 7 ಮಿ.ಮೀ. 2021ರ ಜೂನಿನಲ್ಲಿ ಟೈ ರಾಡ್ ಎಂಡುಗಳನ್ನು ಬದಲಿಸಿದಾಗ "ಕಣ್ಣಂದಾಜಿನಲ್ಲೇ ಕೂರಿಸಿದ್ದೇವೆ, ಸಾಕು" ಎಂದಿದ್ದರಂತೆ. ಸಾಕು ಎಂದವರಿಗೆ ತಲೆದೂಗಿ ಹಣ ಕೊಟ್ಟು ಕಳಿಸಿದವರು ನಾವು.

ಈ ಏಳು ಮಿಲಿಮೀಟರಿನ ಲೆಕ್ಕವನ್ನೊಮ್ಮೆ ಹಾಕಿ ನೋಡೋಣ. ಟೈರಿನ ವ್ಯಾಸ 650 ಮಿ.ಮೀ. ಎಂದಿಟ್ಟುಕೊಂಡರೆ, ಏಳರಲ್ಲಿ ಪ್ರತಿ ಚಕ್ರದ ಪಾಲು ಮೂರೂವರೆ. 650ಕ್ಕೆ ಮೂರೂವರೆ ಎಂದರೆ ಸಾವಿರಕ್ಕೆ ಐದೂ ಚಿಲ್ಲರೆ. ಎಂದರೆ ಗಾಡಿ ಒಂದು ಕಿಲೋಮೀಟರು ಮುಂದೆ ಹೋಗುವಷ್ಟರಲ್ಲಿ ಒಂದೊಂದು ಮುಂಚಕ್ರವೂ ಐದು ಮೀಟರಿಗೂ ಹೆಚ್ಚು ದೂರ ಅಡ್ಡಕ್ಕೆ ಎಳೆಸಿಕೊಂಡು ಹೋಗುತ್ತದೆ. ಎಂಟು ಸಾವಿರ ಕಿಲೋಮೀಟರಿಗೆ ನಲವತ್ತು ಕಿಲೋಮೀಟರಿಗೂ ಮಿಕ್ಕಿ. ರಬ್ಬರು ಬಾಗಿ ಬಳುಕುವ ವಸ್ತುವಾದ್ದರಿಂದ ಅಷ್ಟೂ ದೂರ ಉಜ್ಜುವುದಿಲ್ಲ ಎಂಬುದು ಸರಿ. ಆದರೂ ಟೈರನ್ನು ಸಾಣೆಕಲ್ಲಿಗೆ ಹಿಡಿದ ಹಾಗೆಯೇ ಆಯಿತು. ಮಹಾಸಭೆಯಲ್ಲಿ ಕೇಳಿದ ಪ್ರಶ್ನೆಗೆ ಇದು ನಿಜವಾದ ಉತ್ತರ.

ಇದನ್ನು ಕೈಯಿಂದಲೇ ಪತ್ತೆ ಮಾಡಬಹುದು. ಟೈರಿನ ಮೇಲೆ ಅಂಗೈಯನ್ನು ಅಡ್ಡಕ್ಕೆ ಸವರಿರಿ. ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪಾಗಿದ್ದು, ಒಳಗಿನಿಂದ ಹೊರಕ್ಕೆ ಸವರಿದಾಗ ಗರಗಸದ ಹಲ್ಲಿನಂತೆ ತಡೆದರೆ ಟೋ ಇನ್ ಹೆಚ್ಚಾಗಿದೆ. ಅದಕ್ಕೆ ತಿರುಗಾಮುರುಗ ಇದ್ದರೆ ಟೋ ಔಟ್. ಟೋ ಇನ್ ಹೆಚ್ಚಾದಾಗ ಟೈರಿನ ಹೊರಅಂಚು, ಟೋ ಔಟ್ ಆದಾಗ ಒಳಅಂಚು ಬೇಗ ಸವೆಯುತ್ತದೆ. ತಿಂಗಳಿಗೊಮ್ಮೆ ಹೀಗೆ ಸವರಿ ನೋಡಲು ಕಾಸು ಖರ್ಚಿಲ್ಲ. ಎಮ್ಮೆಯ ಮೈ ಸವರಿದಷ್ಟೇ ಹೊತ್ತು.

ಹಾಗಾದರೆ ಟೋ ಏಕೆ ಬೇಕು, ಎರಡು ಚಕ್ರವನ್ನೂ ನೆಟ್ಟಗೇ ಇಡಬಾರದೇ ಎಂದು ಕೇಳಬಹುದು. ಚಕ್ರದ ಕೀಲುಗಳಲ್ಲಿ, ಬುಷ್ಷುಗಳಲ್ಲಿ ಸ್ವಲ್ಪವಾದರೂ ಸಡಿಲ ಇದ್ದೇ ಇರುತ್ತದೆ. ಹಿಂಚಕ್ರ ತಳ್ಳುವ ಜೀಪು, ಪಿಕಪ್ಪುಗಳಲ್ಲಿ ಓಡುವಾಗ ನೆಲದ ಎಳೆತಕ್ಕೆ ಮುಂಚಕ್ರಗಳು ತುಸು ಹೊರಕ್ಕೆ ತೆರೆದುಕೊಳ್ಳುತ್ತವೆ. ನಿಂತಾಗ ಕೊಂಚ ಒಳಮುಖ ಇಟ್ಟರೆ ಓಡುವಾಗ ನೆಟ್ಟಗಾಗುತ್ತವೆ. ಮುಂಚಕ್ರವೇ ಎಳೆಯುವ ಕಾರುಗಳಲ್ಲಿ, ಎಂದರೆ 1983ರಲ್ಲಿ ಬಂದ ಮಾರುತಿ 800ರಿಂದ ಹಿಡಿದು ಇಂದಿನ ಬಹುತೇಕ ಸಣ್ಣ ಕಾರುಗಳಲ್ಲಿ, ಎಂಜಿನ್ನು ಎಳೆಯುವಾಗ ಚಕ್ರಗಳು ಒಳಕ್ಕೆ ಮುಚ್ಚಿಕೊಳ್ಳಲು ನೋಡುತ್ತವೆ. ಆದ್ದರಿಂದ ಅಂಥವುಗಳಿಗೆ ಸೊನ್ನೆಯ ಹತ್ತಿರವೋ, ಕೆಲವಕ್ಕೆ ಕೂದಲೆಳೆಯಷ್ಟು ಟೋ ಔಟೋ ಇರುತ್ತದೆ. ಜೀಪಿನ ಲೆಕ್ಕವನ್ನು ಕಾರಿಗೆ ಹಚ್ಚಬಾರದು. ಪ್ರತಿ ಗಾಡಿಯ ಕೈಪಿಡಿಯಲ್ಲಿ ಅದರದರ ಅಂಕಿ ಇದೆ.

ಓಡಿಸುವಾಗಿನ ವ್ಯತ್ಯಾಸವೂ ಮುಖ್ಯ. ಸ್ವಲ್ಪ ಟೋ ಇನ್ ಇರುವ ಗಾಡಿಯ ಒಂದು ಚಕ್ರ ಕಲ್ಲಿಗೆ ತಗುಲಿ ಹಿಂದಕ್ಕೆ ತಳ್ಳಲ್ಪಟ್ಟಿತೆನ್ನಿ. ಒಳಮುಖವಾಗಿದ್ದ ಚಕ್ರ ನೆಟ್ಟಗಾಗುತ್ತದೆ, ಅಷ್ಟೆ. ಟೋ ಔಟ್ ಇದ್ದರೆ ಮೊದಲೇ ಹೊರಮುಖವಾಗಿದ್ದ ಚಕ್ರ ಇನ್ನಷ್ಟು ಹೊರಕ್ಕೆ ಹೋಗಿ, ನೀವು ಕೇಳದೆಯೇ ಗಾಡಿ ಆ ಕಡೆಗೆ ತಿರುಗತೊಡಗುತ್ತದೆ. ರೇಸಿನವರು ಬೇಕೆಂದೇ ಟೋ ಔಟ್ ಇಡುವುದುಂಟು, ತಿರುವಿಗೆ ಗಾಡಿ ಚುರುಕಾಗಿ ನುಗ್ಗಲೆಂದು. ಆಗುಂಬೆ ಘಾಟಿಯಲ್ಲಿ ಅಡಿಕೆ ಮೂಟೆ ಹೇರಿಕೊಂಡು ಬ್ರೇಕು ಒತ್ತುತ್ತ ಇಳಿಯುವವರಿಗೆ ಆ ಚುರುಕು ಬೇಡ. ಟೈ ರಾಡ್ ಎಂಡು ಸವೆದಿದ್ದರೆ ಬ್ರೇಕು ಒತ್ತಿದಾಗಲೇ ಚಕ್ರಗಳು ತೆರೆದುಕೊಂಡು ಗಾಡಿ ಅತ್ತಿತ್ತ ಹಾರುತ್ತದೆ. ಸಮತಟ್ಟು ರಸ್ತೆಯಲ್ಲಿ ಏನೂ ಗೊತ್ತಾಗದೆ, ಗೊತ್ತಾಗಬಾರದ ಜಾಗದಲ್ಲೇ ಗೊತ್ತಾಗುವ ದೋಷ ಇದು.

ಇನ್ನು ಕ್ಯಾಸ್ಟರ್ ಎಂಬುದಿದೆ. ಇದರ ಪಾಠವನ್ನು ನಾವು ಕಲಿತದ್ದು ನಮ್ಮ ಮನೆಯ ಹಳೇ ಜೀಪಿನಿಂದ. ಸೈಕಲ್ಲಿನ ಮುಂದಿನ ಫೋರ್ಕನ್ನು ನೋಡಿ. ಅದು ನೆಟ್ಟಗೆ ನಿಂತಿಲ್ಲ, ಮೇಲ್ಭಾಗ ಸವಾರನ ಕಡೆಗೆ ಒರಗಿದೆ. ಆ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಚಕ್ರ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಆದ್ದರಿಂದ ಚಕ್ರ ಯಾವಾಗಲೂ ಆ ಬಿಂದುವಿನ ಹಿಂದೆ ಹಿಂದೆಯೇ ಎಳೆಸಿಕೊಂಡು ಬಂದು ತಾನಾಗಿ ನೆಟ್ಟಗಾಗುತ್ತದೆ. ಹುಡುಗರು ಕೈಬಿಟ್ಟು ಸೈಕಲ್ ಹೊಡೆಯಲು ಇದು ಬಹುಮಟ್ಟಿಗೆ ನೆರವಾಗುತ್ತದೆ. ಜೀಪಿನಲ್ಲಿ, ಕಾರಿನಲ್ಲಿ ಚಕ್ರ ತಿರುಗುವ ಕೀಲಿಗೂ ಇಂಥದೇ ಒರಗು ಇದೆ. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ಮರಳುವುದು ಮುಖ್ಯವಾಗಿ ಇದರಿಂದಲೇ. ವಿಲ್ಲಿಸ್ ಜೀಪಿಗೆ ಕೊಟ್ಟಿರುವುದು 3 ಡಿಗ್ರಿ.

ಮೂಟೆ ಹೇರಿದಾಗ ಹಿಂಭಾಗ ಕುಸಿಯುತ್ತದೆಂದು ನಾವು ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟು ಹೆಚ್ಚಿಗೆ ಹಾಕಿಸಿದೆವು. ಬಹಳ ಮಂದಿ ಮಾಡುವ ಕೆಲಸವೇ. ಮಾರನೆಯ ದಿನದಿಂದ ಜೀಪು ಖಾಲಿ ಇದ್ದಾಗ ಕುಡುಕನಂತೆ ರಸ್ತೆ ಅಳೆಯತೊಡಗಿತು. ಹೇರ್‌ಪಿನ್ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೆ ಮರಳಿ ಬರುವುದೇ ಇಲ್ಲ, ಕೈಯಿಂದ ಸುತ್ತಿ ತರಬೇಕು. ಭಾರ ಹೇರಿದರೆ ಮತ್ತೆ ಸಂಭಾವಿತ. ಸ್ಟಿಯರಿಂಗ್ ಬಾಕ್ಸ್ ಬಿಚ್ಚಿಸಿದೆವು, ಅದರೊಳಗೆ ಏನೂ ಇರಲಿಲ್ಲ. ಆ ಮೇಲೆ ತಿಳಿದ ಲೆಕ್ಕ ಸರಳ. ಹಿಂಭಾಗ ಎರಡು ಅಂಗುಲ ಮೇಲೆದ್ದಿತ್ತು. ಆ ಜೀಪಿನ ಮುಂದಿನ ಆಕ್ಸಲ್ಲಿನಿಂದ ಹಿಂದಿನ ಆಕ್ಸಲ್ಲಿಗೆ 80 ಅಂಗುಲ. 80ಕ್ಕೆ 2 ಎಂದರೆ ಇಡೀ ಗಾಡಿ ಸುಮಾರು 1.4 ಡಿಗ್ರಿ ಮೂಗಡಿಯಾಗಿದೆ. ಮುಂದಿನ ಆಕ್ಸಲ್ಲೂ ಅದರ ಜೊತೆ ಅಷ್ಟೇ ವಾಲುತ್ತದಾದ್ದರಿಂದ ಇದ್ದ ಮೂರು ಡಿಗ್ರಿಯಲ್ಲಿ ಅರ್ಧದಷ್ಟು ಹೋಗಿಯೇಬಿಟ್ಟಿತು. ಭಾರ ಹೇರಿದಾಗ ಹಿಂಭಾಗ ಕೆಳಗಿಳಿದು ಹೋದದ್ದು ವಾಪಸು ಬರುತ್ತಿತ್ತು. ಮುಂದಿನ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಕಬ್ಬಿಣದ ಓರೆ ಬಿಲ್ಲೆ ಕೂರಿಸಿ ಇದನ್ನು ಸರಿಪಡಿಸಬಹುದು. ನಾವು ಒಂದು ಪ್ಲೇಟು ತೆಗೆಸಿ, ಉಳಿದದ್ದನ್ನು ಬಿಲ್ಲೆಯಿಂದ ಸರಿದೂಗಿಸಿದೆವು. ಹೆಚ್ಚು ಓರೆ ಕೊಟ್ಟರೆ ಒಳ್ಳೆಯದೆಂದು ತಿಳಿಯಬೇಡಿ. ಸ್ಟಿಯರಿಂಗ್ ಭಾರವಾಗುತ್ತದೆ, ಹಳೇ ಜೀಪಿನಲ್ಲಿ ಚಕ್ರಗಳು ಗಡಗಡ ನಡುಗುವ ಕಾಟವೂ ಶುರುವಾಗಬಹುದು. ಪವರ್ ಸ್ಟಿಯರಿಂಗ್ ಇರುವ ಈಗಿನ ಕಾರುಗಳಿಗೆ ಹೆಚ್ಚು ಕ್ಯಾಸ್ಟರ್ ಕೊಟ್ಟಿರುವುದು ಆ ಭಾರವನ್ನು ಯಂತ್ರ ಹೊರುತ್ತದೆಂಬ ಧೈರ್ಯದಿಂದ.

ನಡುಕದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಹಳೇ ಜೀಪಿನಲ್ಲಿ ನಡುವೆ ಬೆಲ್ ಕ್ರ್ಯಾಂಕ್ ಎಂಬ ಕೀಲಿದೆ. ಎರಡೂ ಚಕ್ರದ ರಾಡುಗಳು ಅಲ್ಲಿಗೇ ಸೇರುತ್ತವೆ. ಅದು ಸವೆದಿದ್ದರೆ ಯಾವ ಅಳತೆಯೂ ನಿಲ್ಲುವುದಿಲ್ಲ. ಕಾರಿನಲ್ಲಿ ಒಂದು ಗೊತ್ತಾದ ವೇಗಕ್ಕೆ ಮಾತ್ರ ಸ್ಟಿಯರಿಂಗ್ ನಡುಗಿ, ಅದನ್ನು ದಾಟಿದರೆ ನಿಲ್ಲುವುದಾದರೆ ಅದು ಅಲೈನ್‌ಮೆಂಟಿನ ದೋಷವಲ್ಲ, ಸಾಮಾನ್ಯವಾಗಿ ಬ್ಯಾಲೆನ್ಸಿಂಗಿನದು. ಎರಡೂ ಬೇರೆ ಬೇರೆ ಕೆಲಸ, ಬೇರೆ ಬೇರೆ ಯಂತ್ರ.

ಕ್ಯಾಂಬರ್ ಎಂದರೆ ಮುಂದೆ ನಿಂತು ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು. ಕುದುರೆ ಸಾರೋಟಿನ ಕಾಲದಿಂದ ಚಕ್ರದ ಮೇಲ್ಭಾಗವನ್ನು ಹೊರಕ್ಕೆ ವಾಲಿಸುವುದು ರೂಢಿ. ವಿಲ್ಲಿಸ್ ಜೀಪಿನಲ್ಲೂ ಹಾಗೆ 1.5 ಡಿಗ್ರಿ ಇದೆ. ವಾಲಿದ ಚಕ್ರ ಉರುಳುವುದು ನೆಲದ ಮೇಲೆ ಲೋಟ ಉರುಳಿದ ಹಾಗೆ, ಅದು ವಾಲಿದ ಕಡೆಗೇ ಸುತ್ತು ಹೊಡೆಯಲು ನೋಡುತ್ತದೆ. ಎರಡು ಕಡೆಯೂ ಸಮನಾಗಿ ವಾಲಿದ್ದರೆ ಒಂದನ್ನೊಂದು ತಡೆಯುತ್ತವೆ. ಒಂದು ಕಡೆ ಮಾತ್ರ ಹೆಚ್ಚಾದರೆ ಗಾಡಿ ಆ ಕಡೆಗೆ ಎಳೆಯುತ್ತದೆ, ಆ ಟೈರಿನ ಒಂದು ಅಂಚು ಬೋಳಾಗುತ್ತದೆ. ಜೀಪಿನಲ್ಲಿ ಇದನ್ನು ತಿರುಗಿಸಿ ಸರಿಪಡಿಸುವ ಬೋಲ್ಟು ಇಲ್ಲ. ಕೆಟ್ಟಿದ್ದರೆ ಆಕ್ಸಲ್ಲು ಬಗ್ಗಿದೆ ಅಥವಾ ಕಿಂಗ್ ಪಿನ್ನಿನ ಬೇರಿಂಗ್ ಹೋಗಿದೆ ಎಂದರ್ಥ. ಬಹುತೇಕ ಸಣ್ಣ ಕಾರುಗಳಲ್ಲೂ ಸರಿಪಡಿಸಲು ಬರುವುದು ಟೋ ಒಂದೇ. ಗುಂಡಿಗೆ ಬಿದ್ದ ಮೇಲೆ ಕಾರಿನ ಕ್ಯಾಂಬರ್ ತಪ್ಪಿದೆಯೆಂದರೆ ಏನೋ ಬಾಗಿದೆ, ಅದನ್ನು ಬದಲಿಸಬೇಕು. ಸುತ್ತಿಗೆಯಿಂದ ಬಡಿದು "ಕ್ಯಾಂಬರ್ ಸರಿ ಮಾಡಿದೆ" ಎನ್ನುವವರಿಗೆ ಕೈ ಮುಗಿದು ಬನ್ನಿ.

ಎಳೆಯುವ ಗಾಡಿಗೆಲ್ಲ ರೋಗವಿದೆ ಎಂದೂ ಅಲ್ಲ. ಮಳೆನೀರು ಹರಿಯಲೆಂದು ರಸ್ತೆಯ ಮಧ್ಯವನ್ನು ಎತ್ತರಿಸಿ ಅಂಚಿಗೆ ಇಳಿಜಾರು ಕೊಟ್ಟಿರುತ್ತಾರೆ. ಎಡಬದಿಯಲ್ಲಿ ಹೋಗುವ ಗಾಡಿ ಕೊಂಚ ಎಡಕ್ಕೆ ಸರಿಯುವುದು ಸಹಜ. ಅನುಮಾನವಿದ್ದರೆ ಜನಸಂಚಾರವಿಲ್ಲದ ಸಮತಟ್ಟು ಜಾಗದಲ್ಲಿ ನೋಡಿ. ಅದಕ್ಕೂ ಮೊದಲು ಎರಡೂ ಟೈರಿನ ಗಾಳಿ ನೋಡಿ.

ಹೇರ್‌ಪಿನ್ ತಿರುವುಗಳ ನಾಡಿನವರಾದ ನಮಗೆ ತಿಳಿದಿರಬೇಕಾದ ಇನ್ನೊಂದು ಸಂಗತಿಯುಂಟು. ತಿರುವಿನಲ್ಲಿ ಒಳಚಕ್ರ ಸುತ್ತುವ ವೃತ್ತ ಚಿಕ್ಕದು, ಹೊರಚಕ್ರದ್ದು ದೊಡ್ಡದು. ಆದ್ದರಿಂದ ಒಳಚಕ್ರ ಹೆಚ್ಚು ತಿರುಗಬೇಕು. ಇದರ ಉಪಾಯವನ್ನು ಕಂಡುಹಿಡಿದವರು ಮ್ಯೂನಿಕ್ಕಿನಲ್ಲಿ ಸಾರೋಟು ಮಾಡುತ್ತಿದ್ದ ಲಾಂಕೆನ್‌ಸ್ಪೆರ್ಗರ್. ಅವರ ಪರವಾಗಿ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದ ಆಕರ್‌ಮನ್ ಎಂಬವರ ಹೆಸರೇ ಅದಕ್ಕೆ ನಿಂತುಹೋಯಿತು. ದುಡಿದವನೊಬ್ಬ, ಹೆಸರು ಪಡೆದವನಿನ್ನೊಬ್ಬ. ಚಕ್ರದಿಂದ ಹೊರಟ ಸ್ಟಿಯರಿಂಗ್ ತೋಳುಗಳು ತುಸು ಓರೆಯಾಗಿರುವುದು ಇದಕ್ಕಾಗಿ. ಕಲ್ಲಿಗೆ ಬಡಿದು ಒಂದು ತೋಳು ಬಗ್ಗಿದರೆ ನೆಟ್ಟ ರಸ್ತೆಯಲ್ಲಿ ಟೋ ಸರಿಯಾಗಿಯೇ ಇರಬಹುದು, ಆದರೆ ಒಂದೇ ಕಡೆಯ ತಿರುವಿನಲ್ಲಿ ಟೈರು ಕಿರುಗುಟ್ಟುತ್ತದೆ.

ಈಗ ಮನೆಯಲ್ಲೇ ಟೋ ಅಳೆಯುವ ಬಗೆ. ಇದಕ್ಕೆ ಬೇಕಾದ ಸಮತಟ್ಟು ನೆಲ ಕಾಫಿ ಒಣಗಿಸುವ ಕಣದಷ್ಟು ಚೆನ್ನಾಗಿ ಪೇಟೆಯ ಎಷ್ಟೋ ವರ್ಕ್‌ಶಾಪುಗಳಲ್ಲೂ ಇರಲಾರದು. ಎಂಜಿನ್ ಎಣ್ಣೆ ತೊಟ್ಟಿಕ್ಕುವ ಗಾಡಿಯಾದರೆ ಕೆಳಗೆ ಗೋಣಿ ಹಾಸಿ. ನಮ್ಮ ಮನೆಯವರಿಂದ ಇದಕ್ಕಾಗಿ ನಾವು ಕೇಳಿಸಿಕೊಂಡದ್ದನ್ನು ಇಲ್ಲಿ ಬರೆಯುವಂತಿಲ್ಲ.

ಮೊದಲು ಮುಂಭಾಗವನ್ನು ಜಾಕಿಯಿಂದ ಎತ್ತಿ, ಕೆಳಗೆ ಗಟ್ಟಿ ಮರದ ಆಸರೆ ಕೊಟ್ಟು, ಹಿಂಚಕ್ರಕ್ಕೆ ಕಲ್ಲು ಇಟ್ಟು, ಒಂದೊಂದು ಚಕ್ರವನ್ನೂ ಎಡಬಲ ಹಿಡಿದು ಅಲ್ಲಾಡಿಸಿ. ಲಟಕ್ ಎಂದರೆ ಟೈ ರಾಡ್ ಎಂಡು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸದ್ದಾದರೆ ಬೇರಿಂಗ್, ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟು. ಅದನ್ನು ಸರಿಪಡಿಸದೆ ಅಳತೆ ತೆಗೆಯುವುದು ವ್ಯರ್ಥ. ಎಲ್ಲ ಗಟ್ಟಿ ಇದ್ದರೆ ಗಾಡಿಯನ್ನು ಇಳಿಸಿ, ಗಾಳಿ ಸಮ ಮಾಡಿ, ಸ್ಟಿಯರಿಂಗ್ ನೆಟ್ಟಗಿಟ್ಟು ಕೈಯಿಂದ ಒಂದೆರಡು ಮಾರು ಮುಂದಕ್ಕೆ ತಳ್ಳಿ. ಚಕ್ರದ ನಡುಮಟ್ಟದಲ್ಲಿ, ಟೈರಿನ ತೀರಾ ಮುಂಭಾಗದಲ್ಲಿ, ಎರಡೂ ಟೈರಿನ ಮಧ್ಯಕ್ಕೆ ಸೀಮೆಸುಣ್ಣದಿಂದ ಸಣ್ಣ ಗುರುತು ಹಾಕಿ. ಗಾರೆ ಕೆಲಸದವರು ಗೋಡೆ ನೋಡಲು ಇಳಿಬಿಡುವ ಗುಂಡನ್ನು ಆ ಗುರುತಿನಿಂದ ಇಳಿಬಿಟ್ಟು ನೆಲದ ಮೇಲೆ ಚುಕ್ಕಿ ಇಡಿ. ಎರಡು ಚುಕ್ಕಿಗಳ ನಡುವಿನ ಅಂತರ ಬರೆದುಕೊಳ್ಳಿ. ನಂತರ ಅವೇ ಗುರುತುಗಳು ಚಕ್ರದ ಹಿಂಭಾಗಕ್ಕೆ, ಅದೇ ಎತ್ತರಕ್ಕೆ ಬರುವವರೆಗೆ ಗಾಡಿಯನ್ನು ಮುಂದಕ್ಕೆ ತಳ್ಳಿ. ಹಿಂದಕ್ಕೆ ತಳ್ಳಬೇಡಿ, ಕೀಲಿನ ಸಡಿಲ ಬೇರೆ ಕಡೆಗೆ ಹೋಗಿ ಅಳತೆ ತಪ್ಪುತ್ತದೆ. ಮತ್ತೆ ಗುಂಡು ಇಳಿಬಿಟ್ಟು ಅಳೆಯಿರಿ. ಹಿಂದಿನ ಅಂತರ ಮುಂದಿನದಕ್ಕಿಂತ ಎಷ್ಟು ಹೆಚ್ಚೋ ಅಷ್ಟು ಟೋ ಇನ್. ಕಡಿಮೆಯಾದರೆ ಟೋ ಔಟ್. ಎರಡು ಸಲವೂ ಅದೇ ಗುರುತನ್ನು ಅಳೆಯುವುದರಿಂದ ರಿಮ್ಮು ಕೊಂಚ ಬಗ್ಗಿದ್ದರೂ ಲೆಕ್ಕ ಕೆಡುವುದಿಲ್ಲ. ಕೈಪಿಡಿಯ ಅಂಕಿಯನ್ನು ಟೈರಿನ ಮೇಲೆ ಅಳೆಯಲು ಹೇಳಿದ್ದಾರೋ ರಿಮ್ಮಿನ ಮೇಲೋ ಎಂಬುದನ್ನು ಮಾತ್ರ ನೋಡಿಕೊಳ್ಳಿ.

ಅದೇ ಹೊತ್ತಿನಲ್ಲಿ ಎರಡೂ ಪಕ್ಕದಲ್ಲಿ ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಟೇಪು ಹಿಡಿಯಿರಿ. ಎರಡು ಪಕ್ಕಕ್ಕೂ ಸೆಂಟಿಮೀಟರುಗಟ್ಟಲೆ ವ್ಯತ್ಯಾಸ ಬಂದರೆ ಕೆಳಗೆ ಮಲಗಿ ಸೆಂಟರ್ ಬೋಲ್ಟು ನೋಡಿ.

ಇದು ರೋಗ ಪತ್ತೆಗೆ. ಚಿಕಿತ್ಸೆಗೆ ಕಂಪ್ಯೂಟರ್ ಯಂತ್ರವಿರುವಲ್ಲಿಗೇ ಹೋಗುವುದು ಲೇಸು. ಒಂದು ಹೊಸ ಟೈರಿನ ಬೆಲೆಗೆ ಹೋಲಿಸಿದರೆ ಅದರ ಖರ್ಚು ದೊಡ್ಡದಲ್ಲ. ಮಾಡುವ ಮೊದಲಿನ ಮತ್ತು ಮಾಡಿದ ಮೇಲಿನ ಅಂಕಿಗಳ ಚೀಟಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ಡಿಗ್ರಿಯ ಪಕ್ಕದಲ್ಲಿ ನಿಮಿಷಗಳಿರುತ್ತವೆ, ಅರವತ್ತು ನಿಮಿಷಕ್ಕೆ ಒಂದು ಡಿಗ್ರಿ. ಹಿಂಚಕ್ರದ ಅಂಕಿಗಳೂ ಇವೆಯೇ ನೋಡಿ. ಮುಂಚಕ್ರ ಅಲ್ಲಾಡಿಸಿ ನೋಡದೆಯೇ ನೇರವಾಗಿ ಯಂತ್ರ ಕಟ್ಟಲು ಹೊರಟರೆ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ಬನ್ನಿ.

2023ರ ಸೆಪ್ಟೆಂಬರಿನ ಮಹಾಸಭೆಯಲ್ಲಿ ಹಿಂದಿನ ಠರಾವನ್ನು ರದ್ದುಪಡಿಸಿ, ಚಾಲಕನ ಸಂಬಳದಿಂದ ಹಿಡಿದಿದ್ದ ಹಣವನ್ನು ಹಿಂತಿರುಗಿಸಲಾಯಿತು. ಹಮಾಲಿಯ ಚಿಕಿತ್ಸೆಯ ಖರ್ಚನ್ನು ಸಂಘ ಮೊದಲೇ ಕೊಟ್ಟಿತ್ತು, ಕೆಲಸವಿಲ್ಲದ ಎರಡು ತಿಂಗಳ ಕೂಲಿಯನ್ನೂ ಸೇರಿಸಿ ಕೊಡಬೇಕೆಂದು ಅದೇ ಹಿರಿಯ ಸದಸ್ಯರು ಸೂಚಿಸಿದರು, ಹಾಗೆಯೇ ಆಯಿತು. ನೋಟೀಸಿನ ಪ್ರತಿಯನ್ನು ಚಾಲಕನಿಗೆ ವಾಪಸು ಕೊಟ್ಟು, "ಹರಿದು ಹಾಕಪ್ಪ" ಎಂದೆವು. ಆತ ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ.

ಪಿಕಪ್ಪಿನ ಮುಂದಿನ ಟೈರುಗಳನ್ನು ಆ ಮಾರ್ಚಿನ ನಂತರ ಎರಡು ವರ್ಷ ಬದಲಿಸಲಿಲ್ಲ. ಯು ಬೋಲ್ಟುಗಳನ್ನು ಮಳೆಗಾಲಕ್ಕೆ ಮೊದಲು, ಕೊಯ್ಲಿಗೆ ಮೊದಲು ಬಿಗಿ ಮಾಡಿಸಿ ದಿನಾಂಕ ಬರೆದಿಡುತ್ತಿದ್ದೇವೆ. ಸಂಘದ ಗೋದಾಮಿನಲ್ಲಿ ಒಂದು ಸ್ಟೀಲ್ ಟೇಪು, ದಾರ ಸಹಿತ ಗುಂಡು ಹಾಗೂ ಒಂದು ಡಬ್ಬಿ ಸೀಮೆಸುಣ್ಣ ಇಟ್ಟಿದ್ದೇವೆ. ಬೇಕಾದ ಸದಸ್ಯರು ಪುಸ್ತಕದಲ್ಲಿ ಸಹಿ ಹಾಕಿ ಒಯ್ಯಬಹುದು. ಮೂರು ದಿನದೊಳಗೆ ಹಿಂತಿರುಗಿಸತಕ್ಕದ್ದು. ಅಳೆಯಲು ಜೊತೆ ಬೇಕಾದವರು ಭಾನುವಾರ ಬೆಳಿಗ್ಗೆ ನಮ್ಮ ಚಾಲಕನನ್ನು ಕೇಳಿಕೊಂಡರೆ ಆತ ಬರುತ್ತಾನೆ. ಹೋಗಿಬರುವ ಖರ್ಚು ಅವರೇ ಕೊಡಬೇಕು.